ಮೊದಲ ಪಂಕ್ತಿ

"ಏಳವಾ ತಂಗಿ, ಇದು ಗಂಡಸರ ಪಂಕ್ತಿ."

ಅಧ್ಯಕ್ಷೆ ಸಿದ್ದಲಿಂಗವ್ವನವರು ಬಾಗಿ ಕಿವಿಯಲ್ಲಿ ಹೇಳಿದಾಗ, ಎಲೆಯ ಮುಂದೆ ಕುಳಿತಿದ್ದ ಜೈಬುನ್ನೀಸಾ ಎಡಬಲಕ್ಕೆ ನೋಡಿದಳು. ಗದಗಿನ ಆ ಕಲ್ಯಾಣಮಂಟಪದ ಊಟದ ಮನೆಯಲ್ಲಿ ಗೋಡೆಯುದ್ದಕ್ಕೂ ಗಂಡಸರೇ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಮಹಿಳಾ ಸೇವಾ ಸಂಘದ ವಾರ್ಷಿಕ ಸಮಾವೇಶಕ್ಕೆ ಮಡದಿಯರನ್ನು ಕರೆತಂದ ಪತಿರಾಯರು ಅವರು. ಎದೆಗೆ ರೇಷ್ಮೆಯ ಬಿಲ್ಲೆ ಧರಿಸಿದ ಪ್ರತಿನಿಧಿಗಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಗ್ಗಿ, ಪಲ್ಯ, ಸಾರು ಬಡಿಸುತ್ತಿದ್ದರು. ಇದೇ ಪ್ರತಿನಿಧಿಗಳು ಅಂದು ಬೆಳಿಗ್ಗೆ ಸ್ತ್ರೀ ಸಮಾನತೆಯ ಠರಾವನ್ನು ಚಪ್ಪಾಳೆ ತಟ್ಟಿ ಅಂಗೀಕರಿಸಿದ್ದರು. ಆ ಠರಾವಿಗೆ ಮಧ್ಯಾಹ್ನದ ಊಟದವರೆಗೂ ಆಯುಷ್ಯವಿರಲಿಲ್ಲವೆಂಬುದು ವಿಷಾದದ ಸಂಗತಿ.

"ಹೆಣ್ಣುಮಕ್ಕಳ ಸಮಾವೇಶ ಅಲ್ಲೇನ್ರಿ ಅಕ್ಕಾರ? ಮೊದಲ ನಾವ ಉಣ್ಣೂದು ಅಂತ ತಿಳದೆ."

"ಮೊದಲನೇ ಸಲ ಬಂದೀ, ನಿನಗ ಗೊತ್ತಾಗಿಲ್ಲ. ಗಂಡಸರು ಹಸಗೊಂಡು ಕುಂತಾಗ ನಮಗ ತುತ್ತು ಇಳೀತೈತೇನು? ಏಳು, ಉಪ್ಪಿನಕಾಯಿ ಬಡಸಾಕ ಯಾರೂ ಇಲ್ಲ."

ಪಕ್ಕದಲ್ಲಿದ್ದ ಪತಿ ನಿಜಾಮುದ್ದೀನ ಎಲೆಯಿಂದ ಕಣ್ಣೆತ್ತದೆ, "ಏಳ, ಮಂದಿ ನೋಡಾಕತ್ತಾರ," ಎಂದ. ಜೈಬುನ್ನೀಸಾ ಎದ್ದು ಉಪ್ಪಿನಕಾಯಿಯ ಬಟ್ಟಲನ್ನು ಕೈಗೆ ತೆಗೆದುಕೊಂಡಳು. ಆದರೆ ಶಿರಹಟ್ಟಿಯ ಆಚೆಯ ಹಳ್ಳಿಯಿಂದ ನಸುಕಿನ ಬಸ್ಸು ಹಿಡಿದು ಅವಳು ಬಂದದ್ದು ಉಪ್ಪಿನಕಾಯಿ ಬಡಿಸಲಿಕ್ಕಲ್ಲ. ಸಂಘವು ಈ ವರ್ಷ ಕೈಗೊಳ್ಳುವ ಒಂದೇ ಒಂದು ದೊಡ್ಡ ಕೆಲಸವನ್ನು ಮಧ್ಯಾಹ್ನದ ಸಭೆ ನಿರ್ಧರಿಸುವುದಿತ್ತು. ಅಲ್ಲಿ ಹೊಸ ಶಾಖೆಯವರಿಗೂ ಮಾತನಾಡಲು ಅವಕಾಶವೆಂದು ತಿಳಿಸಿದ್ದರು. ಆ ನಾಲ್ಕು ಮಾತಿಗಾಗಿ ಅವಳು ತಿಂಗಳುಗಟ್ಟಲೆ ಗಂಡನ ಮನಸ್ಸು ಒಲಿಸಿದ್ದಳು.

"ಅಕ್ಕಾರ, ನಮ್ಮ ಪಂಕ್ತಿ ಯಾವಾಗ್ರಿ?"

"ಇವರದಾದ ಮ್ಯಾಲ. ಎರಡು ಹೊಡೀತೈತಿ."

"ಎರಡಕ್ಕ ಸಭಾ ಅಂದಿದ್ರಲ್ರೀ? ನಾ ಮಾತಾಡೂದೈತಿ."

"ಎಲ್ಲಿ ಮಾತವಾ? ಅತಿಥಿಗಳು ಹುಬ್ಬಳ್ಳಿ ಗಾಡಿಗೆ ಹೋಗಬೇಕಂತ. ಸಂಘದ ಹೆಸರಿನ್ಯಾಗ ಒಂದು ಸ್ವಾಗತ ಕಮಾನು ಕಟ್ಟಸೂದು ಅಂತ ಕೈ ಎತ್ತಿಸಿ ಮುಗಿಸಿಬಿಡ್ತೇವಿ. ನಿಂದು ಮುಂದಿನ ವರ್ಷ ಇಟ್ಕೊಳ್ಳೂಣು."

ಪಂಕ್ತಿಯ ನಡುವೆ ಜೈಬುನ್ನೀಸಾಳ ಕಾಲುಗಳು ನಿಂತುಬಿಟ್ಟವು.

"ಯವ್ವಾ, ಉಪ್ಪಿನಕಾಯಿ ಈ ಕಡೆ ಬರವೊಲ್ದು!" ಎಂದು ಅಧ್ಯಕ್ಷೆಯ ಪತಿ ಹೊಳೆಯಪ್ಪನವರು ಕೂಗಿದರು.

"ಬರ್ತೈತ್ರಿ ಯಜಮಾನ್ರ. ಅದಕ್ಕಿಂತ ಮೊದಲ ನನ್ನ ಮಾತು ಬರ್ತೈತಿ," ಎಂದಳು ಜೈಬುನ್ನೀಸಾ. ಧ್ವನಿ ಊಟದ ಮನೆಯ ಕೊನೆಯವರೆಗೂ ಕೇಳುತ್ತಿತ್ತು. "ಎಲ್ಲಾರೂ ಇಲ್ಲೇ ಅದೀರಿ, ಇಲ್ಲೇ ಹೇಳ್ತೇನಿ. ನಮ್ಮೂರ ಸಂತಿಗೆ ಕಾಯಿಪಲ್ಯೆ ಮಾರಾಕ ಬರೂ ಹೆಣ್ಣುಮಕ್ಕಳು ಹನಿ ನೀರು ಕುಡಿಯಂಗಿಲ್ರಿ. ಕುಡದ್ರ ಹೋಗಾಕ ಜಾಗಾ ಇಲ್ಲ. ಬಸುರೇರು ಸೈತ ಕತ್ತಲಾಗೂತನಕ ತಡಕೊಂಡು ಕುಂಡ್ರತಾರ. ಎದುರಿಗೇ ನಮ್ಮ ಬಳಿ ಮಾರೂ ಅಂಗಡಿ ಐತಿ, ಸಂತಿ ಸಂತಿಗೆ ನೋಡ್ತೇನಿ. ಕಮಾನು ಆಮ್ಯಾಲ ಕಟ್ಟಸ್ರಿ. ಮೊದಲ ಅವರಿಗೆ ನಾಕು ಗೋಡಿ ಕಟ್ಟಿಸಿ ಕೊಡ್ರಿ."

ಹುಗ್ಗಿಯ ತುತ್ತುಗಳು ಬಾಯಿಯ ಹತ್ತಿರ ತಡೆದು ನಿಂತವು. ನಿಜಾಮುದ್ದೀನನ ತಲೆ ಎಷ್ಟು ಬಾಗಿತೆಂದರೆ, ಅವನ ಟೊಪ್ಪಿಗೆಯ ಹೊರತು ಬೇರೇನೂ ಕಾಣಿಸಲಿಲ್ಲ.

"ಉಣ್ಣೂ ಹೊತ್ತಿನ್ಯಾಗ ಇಂಥಾ ಮಾತೇನವಾ?" ಎಂದು ಹೊಳೆಯಪ್ಪನವರು ಮುಖ ಸಿಂಡರಿಸಿದರು.

"ಮತ್ತ ಯಾವ ಹೊತ್ತಿನ್ಯಾಗ ಹೇಳ್ಲಿರಿ? ನಿಮ್ಮ ಊಟ ಮುಗಿಯೂದ್ರಾಗ ನಮ್ಮ ಸಭಾನೂ ಮುಗೀತೈತಿ."

ಸಭ್ಯತೆಯ ಹೆಸರಿನಲ್ಲಿ ನಾವು ಎಷ್ಟು ಜನರ ಬಾಯಿ ಮುಚ್ಚಿಸಿದ್ದೇವೆಂಬುದನ್ನು ಯಾರೂ ಲೆಕ್ಕ ಹಾಕಿಲ್ಲ. ಅಂದು ಮುಚ್ಚಿಸಲು ಯಾರ ಕೈಯೂ ಬಿಡುವಾಗಿರಲಿಲ್ಲ, ಅಷ್ಟೇ. ಮುಂಡರಗಿ ಶಾಖೆಯ ಹಿರಿಯ ಸದಸ್ಯೆ ಫಕ್ಕೀರವ್ವ ಸಾರಿನ ಬಕೀಟನ್ನು ಎಡಗೈಗೆ ಬದಲಿಸಿಕೊಂಡು ಮುಂದೆ ಬಂದಳು.

"ಸಿದ್ದಲಿಂಗವ್ವಾ, ಕೈ ಎತ್ತಸೂದಿದ್ರ ಈಗ ಎತ್ತಸು. ಕಮಾನಿನ ಕೆಳಗ ನಿಂತು ನಾವೇನು ಮಾಡೂದೈತಿ?"

"ಇಲ್ಲೇನ? ಪಂಕ್ತಿ ನಡುವೇನ?"

"ಹೌದು. ಇವರ ಮುಂದ ಆಗ್ಲಿ. ಮನಿಗೆ ಹೋಗಿ ಮತ್ತೊಮ್ಮೆ ಹೇಳೂ ತ್ರಾಸು ತಪ್ಪತೈತಿ."

ಸಿದ್ದಲಿಂಗವ್ವನವರು ಪತಿಯ ಕಡೆಗೊಮ್ಮೆ, ಉಪ್ಪಿನಕಾಯಿಯ ಬಟ್ಟಲನ್ನು ಎದೆಗವಚಿ ನಿಂತ ಜೈಬುನ್ನೀಸಾಳ ಕಡೆಗೊಮ್ಮೆ ನೋಡಿದರು. ಆಮೇಲೆ ಗಂಟಲು ಸರಿಪಡಿಸಿಕೊಂಡು, "ಸಂತೆಯ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸುವುದಕ್ಕೆ ಒಪ್ಪಿಗೆ ಇದ್ದವರು ಕೈ ಎತ್ತಬೇಕು," ಎಂದು ಸಭೆಯ ಭಾಷೆಯಲ್ಲಿ ಕೇಳಿದರು.

ಯಾರ ಕೈಯೂ ಬರಿದಾಗಿರಲಿಲ್ಲ. ಮೊದಲು ಫಕ್ಕೀರವ್ವನ ಸೌಟು ಮೇಲೆದ್ದಿತು. ಬಳಿಕ ಒಂದೊಂದಾಗಿ ಎಲ್ಲ ಸೌಟುಗಳೂ ಎದ್ದವು. ಎತ್ತಿದ ಸೌಟುಗಳಿಂದ ಕೆಂಪು ಸಾರು ತೊಟ್ಟುತೊಟ್ಟಾಗಿ ಪತಿರಾಯರ ಬಿಳಿಯ ಟೊಪ್ಪಿಗೆಗಳ ಮೇಲೆ ಬೀಳತೊಡಗಿತು. ಅಧ್ಯಕ್ಷೆ ಎಣಿಸಿ ಮುಗಿಸುವವರೆಗೆ ಯಾರೊಬ್ಬರೂ ಕೈ ಇಳಿಸಲಿಲ್ಲ.