ಮೂವರ ಬೀಗ

"ಪಾಸ್‌ವರ್ಡ್ ನನ್ನ ಹತ್ರ ಇಲ್ಲ ಸಾರ್. ಮೂರು ಮಂದಿ ಹೆಂಗಸರು ನನಗೂ ಕಾಣದಂಗ ಒಂದೊಂದು ಪದ ಒತ್ತಿ ಇಟ್ಟಾರ. ಮೂರೂ ಕೂಡಿದ್ರ ಮಾತ್ರ ವಿಡಿಯೊ ತೆರೀತೈತಿ," ಎಂದಳು ಹಾರಿಕಾ. ಮಾತು ಮುಗಿಯುವಷ್ಟರಲ್ಲೇ ತಾನೇನು ಮಾಡಿಬಿಟ್ಟೆನೆಂದು ತಿಳಿದು ಬೆಚ್ಚಿದಳು.

ಎಂಟೆಕ್‌ನಲ್ಲಿ ಗೂಢಲಿಪಿ ಓದುತ್ತಿದ್ದ ಅವಳು, ಅವ್ವ ದುಡಿಯುವ ಈ ಹತ್ತಿ ಮಿಲ್ಲಿನಲ್ಲಿ ತೆಗೆದ ವಿಡಿಯೊಗೆ ಬೀಗ ಹಾಕಿದ್ದಳು. ಸೂಪರ್‌ವೈಸರ್ ಮರಿಬಸಪ್ಪ ಕೂಲಿ ಹುಡುಗಿಯೊಬ್ಬಳ ಮೈಮೇಲೆ ಕೈಹಾಕಿದ್ದು ಅದರಲ್ಲಿತ್ತು. ಸೋಮವಾರ ಕಲೆಕ್ಟರ ಮುಂದೆ ತೆರೆಯುವವರೆಗೆ ಆ ಹುಡುಗಿಯ ಮುಖ ಯಾರಿಗೂ ಕಾಣಬಾರದಿತ್ತು.

"ಅಂದ್ರ ಒಬ್ಬಾಕೀನ್ನ ಊರು ಬಿಡಿಸಿದ್ರ ಸಾಕು, ಆಮ್ಯಾಲೆ ನಿನಗೂ ತೆರಿಯಾಕ ಆಗಲ್ಲ. ಹೌದಿಲ್ಲಮ್ಮಾ, ಓದಿದಾಕಿ?" ತನ್ನ ಕೋಣೆಯ ಮೇಜಿಗೊರಗಿ ಮರಿಬಸಪ್ಪ ನಕ್ಕ. "ಯಾರ್ಯಾರು, ಹೇಳು."

ತೆರೆದ ಬಾಗಿಲಾಚೆ, ಅವನ ಬೆನ್ನ ಹಿಂದೆ, ಹತ್ತಿಯ ಕಸ ಆರಿಸುತ್ತಿದ್ದ ಹೆಂಗಸರ ಕೈಗಳು ನಿಂತವು. ಅವ್ವ ಉಚ್ಚಮ್ಮ ಪಕ್ಕದವಳ ಕಿವಿಗೆ ಬಾಗಿ ತನ್ನ ಪದ ಹೇಳಿದಳು. ಅವಳು ಆಚೆಯವಳಿಗೆ ದಾಟಿಸಿದಳು. ಸಾಲಿನ ನಡುವಿನಿಂದ ಎರಡನೆಯದು ಹೊರಟಿತು, ಆ ತುದಿಯಿಂದ ಮೂರನೆಯದು. ಯಾರಿಗೂ ಹೇಳಬೇಡಿರೆಂದು ಹಾರಿಕಾ ಆಣೆ ಹಾಕಿಸಿದ್ದ ಗುಟ್ಟು ಅವಳ ಕಣ್ಣೆದುರೇ ಇಡೀ ಸಾಲಿನದಾಗುತ್ತಿತ್ತು. ಇಷ್ಟು ಮಂದಿಯನ್ನು ಇವನು ಎಲ್ಲಿಗೆಂದು ಓಡಿಸಿಯಾನು? ಆದರೆ ಈಗ ತಿರುಗಿ ನೋಡಿದನೆಂದರೆ ಮುಗಿಯಿತು. ಹಾರಿಕಾ ಬಾಗಿಲ ಕಡೆಯಿಂದ ಕಣ್ಣು ಕಿತ್ತು ಅವನ ಮುಖದ ಮೇಲಿಟ್ಟಳು.

"ಹೇಳ್ತೀನಿ ಸಾರ್," ಎಂದಳು. "ಮೊದ್ಲು ಆ ಮೇಜಿನ ಮ್ಯಾಲಿನ ನೀರು ಒಂದೀಟು ಕೊಡ್ರಿ."