ನಾಲ್ಕು ಮನೆಯ ಅಕ್ಷರ

ಹನ್ನೆರಡು ಗಂಟೆ ಏಳು ನಿಮಿಷಕ್ಕೆ ಡೇಟಾಬೇಸ್ ಸರ್ವರ್ ಮತ್ತೆ ಬಿತ್ತು. ತೈನಾನ್ ಊರಂಚಿನ ಕುಟುಂಬ ನೋಂದಣಿ ಕಚೇರಿಯ ಐದೂ ಕೌಂಟರುಗಳ ಪರದೆ ಒಟ್ಟಿಗೆ ಕಪ್ಪಾದವು. ಮೂರು ತಿಂಗಳಲ್ಲಿ ಇದು ಹದಿನೇಳನೆಯ ಸಲ.

ಪ್ರೋಗ್ರಾಂ ಬರೆದ ಕಂಪನಿಯಿಂದ ಬಂದಿದ್ದ ಲಿರೆನ್ ತಲೆ ಹಿಡಿದು ಕುಳಿತ. ಮೆಮೊರಿ ಕೆಟ್ಟಿದೆ ಎಂಬುದಷ್ಟೇ ಗೊತ್ತು. ಎಲ್ಲಿ, ಯಾಕೆ ಎಂಬುದು ತಿಳಿಯದು. ಒಂದು ಸಲ ಮರಣ ನೋಂದಣಿಯ ಭಾಗದ ಮೇಲೆ ಅನುಮಾನ, ಇನ್ನೊಂದು ಸಲ ವಿಳಾಸ ಬದಲಾವಣೆಯ ಮೇಲೆ.

ಸರ್ವರ್ ಮೇಲೇಳಲು ನಲವತ್ತು ನಿಮಿಷ ಬೇಕು. ಬಾಗಿಲಲ್ಲಿ ‘ಮಧ್ಯಾಹ್ನವೂ ಬಿಡುವಿಲ್ಲದ ಸೇವೆ’ ಎಂಬ ಫಲಕ. ಅದರ ಕೆಳಗೆ ಜನ ಗೊಣಗುತ್ತ ನಿಂತರು. ಕೌಂಟರಿನ ಹೆಂಗಸರು ಮಾತ್ರ ಒಂದು ದಿನವೂ ಸಿಡುಕಿದವರಲ್ಲ. ಹಿರಿಯಳಾದ ಪೈಯುನ್ ತನ್ನ ಊಟದ ಡಬ್ಬಿಯಿಂದ ಬೇಯಿಸಿದ ಮೊಟ್ಟೆ ತೆಗೆದು ಅವನ ಮುಂದಿಟ್ಟಳು.

“ತಿನ್ನು ತಮ್ಮಾ. ನಿಧಾನವಾಗಿ ಹುಡುಕು. ನಮಗೇನೂ ಅವಸರ ಇಲ್ಲ.”

ಅವಸರವಿದ್ದದ್ದು ಲಿರೆನ್‌ನ ಕಂಪನಿಯ ಮ್ಯಾನೇಜರ್ ತುಂಗ್‌ಗೆ. “ಶುಕ್ರವಾರದೊಳಗೆ ಹಿಡೀದಿದ್ರೆ ಸೋಮವಾರ ಆಫೀಸಿಗೆ ಬರಬೇಡ!” ಎಂದು ಫೋನಿನಲ್ಲಿ ಕೂಗಿದ್ದ. ಹಿಂದಿನ ತಿಂಗಳು ಇದೇ ತುಂಗ್ ‘ದೋಷ ನಿವಾರಣೆಯಾಗಿದೆ’ ಎಂದು ಘೋಷಿಸಿ ಫೋಟೊ ತೆಗೆಸಿಕೊಂಡಿದ್ದ. ಆಗ ಕಚೇರಿಗೆ ಒಂದು ವಾರ ಇಬ್ಬರು ಹೆಚ್ಚುವರಿ ನೌಕರರು ಬಂದಿದ್ದರು. ಕೆಲಸ ಹೆಚ್ಚಾಗಿಯೂ ಸರ್ವರ್ ಅಲುಗಿರಲಿಲ್ಲ. ಅವರು ಹಿಂದಿರುಗಿದ ಮರುದಿನವೇ ಬಿತ್ತು. ಲಿರೆನ್‌ಗೆ ಇದು ಬಿಡಿಸಲಾಗದ ಗಂಟಾಗಿತ್ತು.

ಗುರುವಾರ ಎಳೆ ಸಿಕ್ಕಿತು. ಹದಿನೇಳೂ ಸಲ, ಸರ್ವರ್ ಬೀಳುವುದಕ್ಕೆ ಕೆಲವೇ ನಿಮಿಷ ಮೊದಲು, ಒಬ್ಬರದೇ ದಾಖಲೆ ತೆರೆದಿತ್ತು: ಝುವೊ ಎಂಬ ಎಪ್ಪತ್ತೆಂಟರ ಅಜ್ಜಿಯದು. ಅವಳ ಹೆಸರಿನಲ್ಲೊಂದು ಅಪರೂಪದ ಚೀನೀ ಅಕ್ಷರ. ಉಳಿದ ಅಕ್ಷರಗಳಿಗೆ ಮೆಮೊರಿಯಲ್ಲಿ ಮೂರು ಮನೆ ಸಾಕು, ಇದಕ್ಕೆ ನಾಲ್ಕು ಬೇಕು. ಪ್ರೋಗ್ರಾಂ ಬಿಟ್ಟದ್ದು ಮೂರೇ. ನಾಲ್ಕನೆಯ ತುಂಡು ಪಕ್ಕದ ಮಾಹಿತಿಯ ಮೇಲೆ ಹತ್ತಿ ಕೂರುತ್ತಿತ್ತು. ಆಮೇಲೆ ಆ ಮಾಹಿತಿಯನ್ನು ಮುಟ್ಟಿದವರ ತಲೆಗೆ ಅಪವಾದ.

“ಒಂದು ಸಾಲು ತಿದ್ದಿದರೆ ಸಾಕು ಸಾರ್,” ಎಂದು ಲಿರೆನ್ ತುಂಗ್‌ಗೆ ಫೋನಿನಲ್ಲಿ ಹೇಳಿದ.

“ಹುಚ್ಚಾ ನಿನಗೆ? ಒಂದು ಸಾಲು ತಿದ್ದೋಕೂ ಮೂರು ಸಮಿತಿ ಒಪ್ಪಬೇಕು, ಎಂಟು ತಿಂಗಳು ಬೇಕು. ಹೆಸರು ಬದಲಾಯಿಸೋಕೆ ಒಂದು ಅರ್ಜಿ ಸಾಕು. ಹೋಗಿ ಅಜ್ಜೀನ ಒಪ್ಪಿಸು.”

ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಅನಾನಸ್ ಕೇಕಿನ ಪೆಟ್ಟಿಗೆ ಹಿಡಿದು ಲಿರೆನ್ ಅಜ್ಜಿಯ ಬಾಗಿಲು ತಟ್ಟಿದ. ಅಜ್ಜಿ ನೆಲದ ಮೇಲೆ ಕಾಗದ ಹಾಸಿಕೊಂಡು ಕಡಲೆಕಾಯಿ ಸುಲಿಯುತ್ತಿದ್ದಳು. ಅವನ ಮಾತನ್ನೆಲ್ಲ ಕೇಳಿಸಿಕೊಂಡಳು.

“ನಮ್ಮಪ್ಪ ಹಳೇ ನಿಘಂಟು ಜಾಲಾಡಿ ಇಟ್ಟ ಹೆಸರು ಮಗಾ. ಮೇಷ್ಟ್ರಿಗೆ ಓದೋಕೆ ಬರದೆ ‘ಏ ಹುಡುಗಿ’ ಅಂತಿದ್ರು. ಗಂಡನ ಮನೇಲಿ ‘ಏ ಇವಳೇ’. ನನ್ನ ಹೆಸರಿಗೆ ಇಷ್ಟು ಬೆಲೆ ಬಂದಿರೋದು ಇವಾಗ್ಲೇ.”

ಹೆಸರು ಬಿಡಿ ಎಂದು ಮತ್ತೆ ಒತ್ತಾಯಿಸಲು ಲಿರೆನ್‌ಗೆ ಮನಸ್ಸಾಗಲಿಲ್ಲ. ಕೆಲಸ ಹೋದರೆ ಹೋಗಲಿ ಎನಿಸಿತು. ತಲೆ ತಗ್ಗಿಸಿದ. ಸಿಪ್ಪೆಯಡಿಯ ಕಾಗದಗಳು ಆಗ ಕಂಡವು. ಎಲ್ಲವೂ ಕಚೇರಿಯ ಮೊಹರು ಬಿದ್ದ, ಅವಳದೇ ದಾಖಲೆಯ ನಕಲುಗಳು.

“ಇಷ್ಟೊಂದು ನಕಲು ಯಾಕಜ್ಜಿ ನಿಮಗೆ?”

ಅಜ್ಜಿ ಉತ್ತರಿಸುವ ಮೊದಲೇ ಫೋನ್ ಬಡಿದುಕೊಂಡಿತು. ಕಿವಿ ಮಂದವಾದ್ದರಿಂದ ಅವಳು ಸ್ಪೀಕರ್ ಒತ್ತಿದಳು.

“ಅಜ್ಜೀ, ಪೈಯುನ್ ಮಾತಾಡ್ತಿರೋದು. ಬೆಳಗ್ಗಿಂದ ಐದೂ ಜನ ಒಂದು ತುತ್ತು ತಿಂದಿಲ್ಲ. ಹನ್ನೆರಡಕ್ಕೆ ಬಂದು ಒಂದು ನಕಲು ತಗೊಂಡು ಹೋಗ್ತೀರಾ?”