ಕೊಂಡಿ ಕೂರದ ಬಾಗಿಲು

"ಮತ್ತ ಬಿದ್ದಿಲ್ಲ!"

ಅಕ್ಕನಾಗಮ್ಮ ಕೂಗಿದ ರಭಸಕ್ಕೆ ಹಿತ್ತಲ ಗೋಡೆಯ ಮೇಲಿದ್ದ ಕಾಗೆ ಹಾರಿಹೋಯಿತು. ಗಾಜಿನ ಬಾಗಿಲನ್ನು ಹಳಿಯ ಮೇಲೆ ಧಡಾರನೆ ತಳ್ಳಿ, ಹಿಡಿಕೆ ಒತ್ತಿದಳು. ಕೊಂಡಿ ಚೌಕಟ್ಟಿನ ತೂತಿಗೆ ತಾಗಿ ವಾಪಸು ಬಂತು. ಬಾಗಿಲು ಅವಳನ್ನು ಅಣಕಿಸುವಂತೆ ತಾನಾಗಿ ಒಂದು ಗೇಣು ಸರಿದು ನಿಂತಿತು.

ಅದೇ ಗೇಣು ಸಂದಿಯಲ್ಲಿ ಬೆಳಿಗ್ಗೆ ಬೀದಿನಾಯಿ ನುಗ್ಗಿ, ಸೋಮವಾರದ ಪೂಜೆಗೆಂದು ತೆಗೆದಿಟ್ಟ ಹಾಲಿಗೆ ಬಾಯಿ ಹಾಕಿತ್ತು. ನಾಯಿಯದಾದರೂ ಹಾಳಾಗಿ ಹೋಗಲಿ. ಸಂಜೆ ದೀಪ ಹಚ್ಚುವಾಗ ಹಿತ್ತಲ ಬಾಗಿಲು ಭದ್ರವಾಗಿ ಮುಚ್ಚಿರಬೇಕು. ಇಲ್ಲದಿದ್ದರೆ ಮುಂಬಾಗಿಲಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗುತ್ತಾಳೆ. ಲಕ್ಷ್ಮಿಗೂ ಒಂದು ಗೇಣು ಸಾಕು.

ಮಗ ವಾಗೀಶ್ ಹತ್ತಿ ವ್ಯಾಪಾರದಲ್ಲಿ ಕುದುರಿಕೊಂಡ ವರ್ಷ ಹಾಕಿಸಿದ ಬಾಗಿಲು ಅದು. ಆದೋನಿಯ ಆ ಬೀದಿಯಲ್ಲಿ ಹಿತ್ತಲಿಗೆ ಗಾಜು ಕಂಡ ಮನೆ ಮತ್ತೊಂದಿರಲಿಲ್ಲ. ಬಂದವರನ್ನೆಲ್ಲ ಕರೆದೊಯ್ದು ತೋರಿಸಿ ಮೆರೆದಿದ್ದ ಅಕ್ಕನಾಗಮ್ಮ, ಈಗ ಯಾರಾದರೂ ಹಿತ್ತಲ ಕಡೆ ಹೆಜ್ಜೆ ಹಾಕಿದರೆ ಅಡ್ಡ ನಿಲ್ಲುತ್ತಿದ್ದಳು.

"ಇದೆಲ್ಲಾ ನಿನ್ನ ಕೈಗುಣ," ಎಂದು ಸೊಸೆಯ ಮೇಲೆ ಹರಿಹಾಯ್ದಳು. "ಇನ್ನೊಂದ್ಸಲ ಈ ಬಾಗ್ಲಾ ತೆರದಿದ್ದು ಕಂಡ್ನೋ, ಹೊಳಗುಂದದ ಬಸ್ ಹತ್ತಿಸಿಬಿಡ್ತೀನಿ. ನಿಮ್ಮವ್ವನ ಮನ್ಯಾಗ ಬಿದ್ದಿರು. ತಿರುಗಿ ಕರಿಯಂಗಿಲ್ಲ."

ಶ್ರಾವಣಿ ನಾಯಿ ಮುಟ್ಟಿದ ಪಾತ್ರೆ ತಿಕ್ಕುತ್ತಿದ್ದಳು. "ಹೂಂ ಅತ್ತಿ," ಅಂದಳು. ಮದುವೆಯಾಗಿ ವರ್ಷ ಕಳೆದರೂ ಆಕೆ ಅತ್ತೆಗೆ ಎದುರಾಡಿದವಳಲ್ಲ. ಆ ಮೌನವೇ ಅಕ್ಕನಾಗಮ್ಮನ ಮೈ ಉರಿಸುತ್ತಿತ್ತು. ಬೈಸಿಕೊಳ್ಳುವವಳು ಅತ್ತರೂ ಒಂದು ಸಮಾಧಾನ.

ಬಾಗಿಲು ಕೂರಿಸಿದ ನರೇಶನಿಗೆ ಮತ್ತೆ ಫೋನ್ ಹೋಯಿತು. ಅವನು ಚೀಲ ಹಿಡಿದು ಬಂದದ್ದೇ ತಡ, ಬೈಗುಳ ಶುರುವಾಯಿತು.

"ಎಣ್ಣಿ ಬಿಟ್ಟಿ, ಗಾಲಿ ಎತ್ತರಿಸಿದಿ, ಕೊಂಡಿ ಬದಲಿ ಮಾಡಿದಿ. ಏನಾತು? ಯಾಡ್ ದಿನ ನೆಟ್ಟಗಿರ್ತೈತಿ, ಆಮ್ಯಾಲ ಅದಾ ಹಾಡು! ಕೆಲಸ ಬರ್ತೈತೋ ಇಲ್ಲೋ ನಿನಗ?"

"ಚೂಸ್ತಾನಮ್ಮಾ, ನೋಡ್ತೀನಿ, ಸ್ವಲ್ಪ ತಡ್ಕೋರಿ," ಎಂದು ನರೇಶ ಮೊಣಕಾಲೂರಿ ಹಳಿ ಒರೆಸತೊಡಗಿದ.

"ಏನ್ ನೋಡ್ತಿ? ಬ್ಯಾಸಗ್ಯಾಗ ಹೆಂಗ ಬೀಳ್ತಿತ್ತು ಗೊತ್ತೇನು? ಈಕಿ ಹಾಲು ಉಕ್ಕಿಸಿ, ಅವ್ವನ ಕೂಡ ಫೋನಿನ್ಯಾಗ ಹರಟಿ ಹೊಡಕಂತ ನಿಂತಿದ್ಲು. ಬುದ್ಧಿ ಬರ್ಲಿ ಅಂತ ಹಿತ್ಲಾಗ ಬಿಟ್ಟು ಕೊಂಡಿ ಹಾಕಿದೆ. ದೀಪ ಹಚ್ಚೋ ತನಕ ಬಡಕೊಂಡ್ಲು. ಒಂದೀಟು ಅಲ್ಲಾಡಿದ್ರ ಕೇಳು! ಅಂಥಾ ಬೀಗ ಅದು."

ನರೇಶನ ಕೈ ನಿಂತಿತು. "ಎಂಡಲೋನಾ?" ಬಾಯಿಗೆ ತೆಲುಗೇ ಬಂತು.

"ಬಿಸಿಲಾಗ ಅಲ್ದ ಮತ್ತೇನು, ನೆರಳಾಗ ಬುದ್ಧಿ ಬರ್ತೈತೇನು?"

ಅವನು ಎದ್ದು, ಸ್ವಲ್ಪ ಬಗ್ಗಿ, ಮೊಬೈಲಿನ ಬೆಳಕನ್ನು ಕೊಂಡಿಯ ತೂತಿಗೆ ಬಿಟ್ಟ. ಒಳಗೆ ಏನೋ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರ್ ತೂರಲಿಲ್ಲ. ಸಣ್ಣದೇನಾದರೂ ಇದ್ದರೆ ಕೊಡಿ ಎಂದಾಗ ಶ್ರಾವಣಿ ತಲೆಯಿಂದ ಹೇರ್‌ಪಿನ್ನು ತೆಗೆದು ಮುಂದೆ ಹಿಡಿದಳು. ನರೇಶ ಪಿನ್ನನ್ನೊಮ್ಮೆ ತಿರುಗಿಸಿ ನೋಡಿದ. ಆಮೇಲೆ ತೂತಿನೊಳಗೆ ಆಡಿಸಿ ಹೆಂಟೆ ಹೊರಗೆಳೆದ. ರಂಗೋಲಿ ಪುಡಿ, ನಡುವೆ ಅರಿಶಿನ.

"ಹೊಸ್ತಿಲ ಪೂಜಿ, ಅಮ್ಮಾ," ಅಂದ. "ಪುಡಿ ಹಾರಿ ಇದರಾಗ ಸೇರ್ತೈತಿ. ನೀರು ತಾಕಿತೋ, ಸಿಮೆಂಟ್ ಆದಂಗ ಆಗ್ತೈತಿ. ಯಾರ ತಪ್ಪೂ ಅಲ್ಲ."

ಅಕ್ಕನಾಗಮ್ಮ ಬಗ್ಗಿ ಆ ಹೆಂಟೆಯನ್ನೇ ದಿಟ್ಟಿಸಿದಳು. ಶುಕ್ರವಾರ ಶುಕ್ರವಾರ ಎರಡೂ ಹೊಸ್ತಿಲು ತೊಳೆದು, ಅರಿಶಿನ ಬಳಿದು, ರಂಗೋಲಿ ಎಳೆಯಬೇಕೆಂದು ಸೊಸೆಗೆ ತಾಕೀತು ಮಾಡಿದವಳು ಅವಳೇ. ಹಳಿ ಇದ್ದರೇನು, ಹೊಸ್ತಿಲು ಹೊಸ್ತಿಲೇ ಎಂದು ಜಬರಿಸಿದವಳೂ ಅವಳೇ.

"ಹಂಗಾರ ಪೂಜಿ ಬಿಡಬೇಕೇನೋ?"

"ಛೇ, ಬಿಡ್ತಾರೇನಮ್ಮಾ?" ಎಂದ ನರೇಶ, ಪಿನ್ನನ್ನು ಶ್ರಾವಣಿಯ ಕೈಗೆ ವಾಪಸು ಕೊಟ್ಟು ಚೀಲ ಎತ್ತಿಕೊಂಡ.

ಶುಕ್ರವಾರ ಬಂತು, ಪೂಜೆ ನಡೆಯಿತು, ಕೊಂಡಿ ಮತ್ತೆ ಕೂರಲಿಲ್ಲ. ಈ ಸಲ ಬೈಯಲು ಯಾರೂ ಇರಲಿಲ್ಲ. ದೇವರನ್ನು ಬೈಯಲಾದೀತೇ? ಹೊಳಗುಂದದ ಬಸ್ಸಿನ ಮಾತು ಅಲ್ಲಿಗೇ ಬಿತ್ತು. ಸಂಜೆ ದೀಪದ ಹೊತ್ತಿಗೆ ಅಕ್ಕನಾಗಮ್ಮ ಬಾಗಿಲಿಗೆ ಒಳಕಲ್ಲಿನ ಗುಂಡು ಅಡ್ಡ ಇಟ್ಟು ಹಲ್ಲು ಕಡಿಯುತ್ತಿದ್ದಳು. ಹೊರಹಾಕಲು ದಾರಿ ಸಿಗದ ಸಿಟ್ಟು ವಾರಗಟ್ಟಲೆ ಒಳಗೇ ಕುದಿಯಿತು.

ಅದು ಉಕ್ಕಿದ್ದು ಒಂದು ನಡುಮಧ್ಯಾಹ್ನ. ಒಲೆಯ ಮೇಲೆ ರೊಟ್ಟಿ ಸೀದು ಮನೆಯೆಲ್ಲ ಹೊಗೆ. ಶ್ರಾವಣಿ ಹಿತ್ತಲಲ್ಲಿ ಬೀಸಲಿಕ್ಕೆ ಜೋಳ ಹರವುತ್ತಾ, ಕಿವಿಗೆ ಫೋನ್ ಒತ್ತಿಕೊಂಡು ಅವ್ವನ ಜೊತೆ ನಗುತ್ತಿದ್ದಳು. ನಗು! ಅಕ್ಕನಾಗಮ್ಮನ ಕಣ್ಣು ಕೆಂಪಾಯಿತು.

"ನಗ್ತೀ? ಅಲ್ಲೇ ನಿಂತು ನಗು! ಹೊತ್ತು ಮುಣಗೋ ತನಕ ನಗು!"

ಬಾಗಿಲು ಎಳೆದಳು. ಹಿಡಿಕೆ ಒತ್ತಿದಳು. ಕೊಂಡಿ ಕೂರಲಿಲ್ಲ. ಮತ್ತೆ ಒತ್ತಿದಳು. ಎರಡೂ ಕೈ ಹಾಕಿ, ಮೈಭಾರ ಬಿಟ್ಟು ಒತ್ತಿದಳು. ಗಾಜು ಅದುರಿತೇ ಹೊರತು ಬೀಗ ಬೀಳಲಿಲ್ಲ.

ಗಾಜಿನಾಚೆ ಶ್ರಾವಣಿ ಇದನ್ನೆಲ್ಲ ನೋಡಿದಳು. ಅವಸರವಿಲ್ಲದೆ ಫೋನ್ ಇಟ್ಟು, ಬರಿಗಾಲಲ್ಲಿ ಬಂದು, ಒಂದೇ ಬೆರಳಿನಿಂದ ಬಾಗಿಲು ಸರಿಸಿ ಒಳಗೆ ಬಂದಳು.

"ಹಾಳಾದ ಪುಡಿ! ಹೊಸ್ತಿಲ ಪುಡಿ!" ಎಂದು ಅಕ್ಕನಾಗಮ್ಮ ಏದುಸಿರು ಬಿಟ್ಟಳು.

ಶ್ರಾವಣಿ ತಲೆಯಿಂದ ಹೇರ್‌ಪಿನ್ನು ತೆಗೆದಳು. ಅದರ ತುದಿಗೆ ಅಂಟಿದ್ದ ಬಿಳಿ ಪುಡಿಯನ್ನು ಸೆರಗಿಗೆ ಒರೆಸಿ, ಮೊದಲ ಸಲ ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟಳು.

"ಹೊಸ್ತಿಲಾ ನೆಲದಾಗ ಐತ್ರೀ ಅತ್ತಿ. ಕೊಂಡಿ ತೂತು ನಿಮ್ಮ ಸೊಂಟದೆತ್ತರಕ್ಕ ಐತಿ."